ನ್ಯಾ ಬೆನಿತಾ ನೀರಗಂಟಿಯನ್ನು ಹುಡುಕಿದ್ದು

ಬೆನಿತಾಳಿಗೆ ಜೀವನದಲ್ಲಿ ಆಗಿದ್ದು ಒಂದೇ ಸಂದರ್ಶನ, ಅದೂ ಹದಿನಾರನೇ ವಯಸ್ಸಿನಲ್ಲಿ. ಹೆದ್ದಾರಿಯ ಪಕ್ಕ ಚಿಪಾ ಸುಡುವ ಒಲೆಮನೆಯ ಯಜಮಾನಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಕೂಗೋಕೆ ಬರುತ್ತಾ?" ಎಂದಿದ್ದಳು. ಬೆನಿತಾ ಬಾಗಿಲಿಗೆ ಬಂದು "ಚಿಪಾ, ಬಿಸಿ ಚಿಪಾ" ಎಂದು ಒಂದು ಕೂಗು ಹಾಕಿದ್ದಕ್ಕೆ ಆಗಲೇ ರಾಜಧಾನಿ ಅಸುನ್ಸಿಯೋನ್‌ಗೆ ಹೊರಟಿದ್ದ ಬಸ್ಸು ನಿಂತುಬಿಟ್ಟಿತು. "ನಾಳೆಯಿಂದ ಬಾ" ಎಂದಳು ಯಜಮಾನಿ. ಅಂದಿನಿಂದ ಮಂಡಿ ಸೋಲುವವರೆಗೂ ಬೆನಿತಾ ತಲೆಯ ಮೇಲೆ ಬುಟ್ಟಿ ಹೊತ್ತು, ಬಸ್ಸು ಹತ್ತಿ ಇಳಿದು, ಮರಗೆಣಸಿನ ಹಿಟ್ಟು ಚೀಸು ಕಲಸಿ ಸುಟ್ಟ ಆ ರೊಟ್ಟಿ ಮಾರಿಯೇ ಮಕ್ಕಳನ್ನು ದಡ ಮುಟ್ಟಿಸಿದಳು. ಈಗ ಮನೆಯಲ್ಲಿ ಕೋಳಿ ಸಾಕಿಕೊಂಡಿದ್ದಾಳೆ. ಊರಿನ ಹಿರಿಯ ಗಂಡಸರಿಗೆ 'ಡೊನ್', ಹೆಂಗಸರಿಗೆ 'ನ್ಯಾ' ಸಲ್ಲುವ ಹಾಗೆ ಅವಳಿಗೂ 'ನ್ಯಾ ಬೆನಿತಾ' ಅನ್ನುವ ಮರ್ಯಾದೆ ಸಿಕ್ಕಿದೆ.

ಅಂಥವಳು ಇನ್ನೊಬ್ಬರ ಸಂದರ್ಶನ ಮಾಡಬೇಕಾಗಿ ಬಂದದ್ದಕ್ಕೆ ಅವಳ ಬಾಯಿಯೇ ಕಾರಣ. ನಮ್ಮ ಕುರುಪಿಕಾಯ್ ಊರಿಗೆ ನೀರು ಕೊಡುವುದು ನಮ್ಮದೇ ನೀರಿನ ಸಮಿತಿ. ಒಂದು ಬೋರ್ವೆಲ್ಲು, ಒಂದು ಮೋಟಾರು, ಎತ್ತರದ ಕಂಬಗಳ ಮೇಲೊಂದು ಟ್ಯಾಂಕು, ಅದನ್ನೆಲ್ಲ ನೋಡಿಕೊಳ್ಳಲು ಸಂಬಳದ ಒಬ್ಬ ನೀರಗಂಟಿ. ಹಳೆಯ ಅಧ್ಯಕ್ಷ ಆ ಕೆಲಸವನ್ನು ಹೆಂಡತಿಯ ತಮ್ಮನಿಗೆ ಕೊಟ್ಟಿದ್ದ. ಆ ಪುಣ್ಯಾತ್ಮ ಮೋಟಾರು ಹಾಕಿ ಮಲಗಿಬಿಟ್ಟ. ಕ್ರಿಸ್‌ಮಸ್ ವಾರದಲ್ಲೇ ಮೋಟಾರು ಸುಟ್ಟು, ನಮ್ಮ ಕಡೆ ನಡುಬೇಸಿಗೆಯಾದ ಜನವರಿಯ ಸುಡುಬಿಸಿಲಲ್ಲಿ ಊರಿಗೆ ಊರೇ ಹಳ್ಳಕ್ಕೆ ಬಕೆಟ್ ಹೊತ್ತಿತು. ಮುಂದಿನ ಸಭೆಯಲ್ಲಿ ಬೆನಿತಾ ಎದ್ದು ನಿಂತು ಸಮಿತಿಯ ಜನ್ಮ ಜಾಲಾಡಿದಳು. "ಅಷ್ಟು ಗೊತ್ತಿದ್ರೆ ನೀವೇ ಅಧ್ಯಕ್ಷರಾಗಿ" ಎಂದು ಯಾರೋ ಅವಳ ಬಾಯಿ ಮುಚ್ಚಿಸಲು ಅಂದರು. ಅಷ್ಟೂ ಜನ ಕೈ ಎತ್ತಿಬಿಟ್ಟರು. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ.

"ಆಯ್ತು," ಎಂದಳು ಬೆನಿತಾ. "ಆದ್ರೆ ಈ ಸಲದ ನೀರಗಂಟಿ ಯಾರ ಭಾವಮೈದನೂ ಆಗಿರಲ್ಲ. ಇಂಟರ್ವ್ಯೂ ಮಾಡಿ ತಗೋತೀವಿ."

ಮಾತೇನೋ ಆಡಿಯಾಯಿತು, ಮಾಡುವುದು ಹೇಗೆಂದು ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವಳ ಚಿಕ್ಕಪ್ಪನ ಮಗಳು ಗ್ಲಾದಿಸ್ ಪಟ್ಟಣದ ಒಂದು ಕಚೇರಿಯಲ್ಲಿದ್ದಾಳೆ. ಕೆಲಸಕ್ಕೆ ಜನ ಆರಿಸುವುದೇ ಅವಳ ಕೆಲಸ. ಬೆನಿತಾ ಒಂದು ಕೋಳಿ ಹಿಡಿದುಕೊಂಡು ಅವಳ ಮನೆಗೆ ಹೋದಳು. ಕೋಳಿ ಸಾರಾಗುವಷ್ಟರಲ್ಲಿ ಪಾಠ ಮುಗಿಯಿತು.

"ಮೊದ್ಲು ನಿಂಗೆ ಎಂಥವರು ಬೇಕು ಅಂತ ನೀನೇ ತಿಳ್ಕೋ ಅಕ್ಕಾ," ಎಂದಳು ಗ್ಲಾದಿಸ್. "ಬಂದವರ ಮುಖ ನೋಡಿ ತೀರ್ಮಾನ ಮಾಡ್ತೀನಿ ಅಂದ್ರೆ, ಚೆನ್ನಾಗಿ ನಗೋರಿಗೆ ಕೆಲಸ ಕೊಟ್ಟು ಬರ್ತೀಯ."

"ನಿದ್ದೆ ಮಾಡದವರು ಬೇಕು. ಸುಳ್ಳು ಹೇಳದವರು ಬೇಕು."

"ಸುಳ್ಳು ಹೇಳ್ತೀಯಾ ಅಂತ ಕೇಳಿದ್ರೆ ಯಾರಾದ್ರೂ ಹೂಂ ಅಂತಾರಾ? ಹೂಂ, ಉಹೂಂ ಅನ್ನಿಸೋ ಪ್ರಶ್ನೆ ಕೇಳ್ಲೇಬೇಡ. ನಮ್ಮ ಜನಕ್ಕೆ ಎದುರಿಗಿರೋರ ಮನಸ್ಸು ನೋಯಿಸೋಕೆ ಬರಲ್ಲ. ಹೆಲಿಕಾಪ್ಟರ್ ಓಡಿಸ್ತೀಯಾ ಅಂತ ಕೇಳು, ಅದಕ್ಕೇನಂತೆ, ಓಡಿಸೋಣ ಅಂತಾರೆ. ಹೀಗಾದ್ರೆ ಏನ್ ಮಾಡ್ತೀಯ, ಹಾಗಾದಾಗ ಏನ್ ಮಾಡ್ದೆ ಅಂತ ಕೇಳು. ಎಲ್ರಿಗೂ ಅವೇ ಪ್ರಶ್ನೆ. ಬಾಗಿಲು ಹಾಕ್ಕೊಂಡು, ಒಬ್ಬೊಬ್ಬರನ್ನೇ. ಕೇಳಾದ್ಮೇಲೆ..." ಗ್ಲಾದಿಸ್ ಸೌಟು ಎತ್ತಿ ಎಚ್ಚರಿಸಿದಳು. "ಕೇಳಾದ್ಮೇಲೆ ಬಾಯಿ ಮುಚ್ಕೊಂಡು ಕೂತ್ಕೋ. ಅವರು ಸುಮ್ನಿದ್ರೂ ನೀನು ಮಾತಾಡ್ಬೇಡ."

"ಎಷ್ಟೊತ್ತು?"

"ಅವರು ಮಾತಾಡೋವರೆಗೂ."

ಉಳಿದದ್ದೆಲ್ಲ ಬೆನಿತಾಳಿಗೆ ಸುಲಭವಾಗಿಯೇ ಕಂಡಿತು, ಇದೊಂದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಬಸ್ಸು ನಿಲ್ಲಿಸಿದವಳಿಗೆ ಸುಮ್ಮನಿರು ಅಂದರೆ ಹೇಗಿದ್ದಾಳು?

ಮನೆಗೆ ಬಂದು ಗಂಡ ತ್ರಾಂಕಿಲಿನೊನನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಶುರು ಮಾಡಿದಳು. ಆತ ನೆರಳಲ್ಲಿ ಕೂತು, ಕೊಂಬಿನ ಲೋಟದ ಸೊಪ್ಪಿಗೆ ತಣ್ಣೀರು ಹುಯ್ದುಕೊಂಡು ತೆರೆರೆ ಹೀರುತ್ತಿದ್ದ.

"ನೀವು ಮಾಡಿದ ಒಂದು ತಪ್ಪು ಹೇಳಿ. ಅದನ್ನ ಹೇಗೆ ಸರಿ ಮಾಡಿದ್ರಿ, ಅದನ್ನೂ ಹೇಳಿ."

ತ್ರಾಂಕಿಲಿನೊ ಅವಳನ್ನೇ ನೋಡಿದ. "ತಪ್ಪೇನೋ ಜ್ಞಾಪಕ ಇದೆ, ಚರ್ಚಿನಲ್ಲೇ ಆಗಿದ್ದು. ಸರಿ ಮಾಡೋದು ಹೇಗೆ ಅಂತ ಅವತ್ತಿಂದ ಯೋಚನೆ ಮಾಡ್ತಾನೇ ಇದೀನಿ."

ಬೆನಿತಾ ಪಾಠ ಮರೆತು ಅವನಿಗೆ ಸರಿಯಾಗಿ ಬೈದಳು. ಬೈದಾದ ಮೇಲೆ ಇಬ್ಬರೂ ನಕ್ಕರು. ಆದರೆ ಪ್ರಶ್ನೆ ಚೆನ್ನಾಗಿದೆ ಅನ್ನುವುದು ಇಬ್ಬರಿಗೂ ಗೊತ್ತಾಯಿತು.

ನಗು ಮರುದಿನ ನಿಂತುಹೋಯಿತು. ಕಾಸಿಲ್ಡಾ ಬಂದಳು.

ಕಾಸಿಲ್ಡಾ ಅಂದರೆ ಬೆನಿತಾಳ ಜೊತೆಗೇ ಬುಟ್ಟಿ ಹೊತ್ತವಳು. ಒಂದೇ ಬಸ್ಸಿನ ಮುಂದಿನ ಬಾಗಿಲಲ್ಲಿ ಒಬ್ಬಳು, ಹಿಂದಿನ ಬಾಗಿಲಲ್ಲಿ ಇನ್ನೊಬ್ಬಳು. ಕಾಸಿಲ್ಡಾ ಈಗಲೂ ಮನೆಯಲ್ಲೇ ಚಿಪಾ ಸುಟ್ಟು ಬಸ್ಸಿನವರಿಗೆ ಮಾರುತ್ತಾಳೆ. ಬೆನಿತಾ ಟೈಫಾಯ್ಡಿನಲ್ಲಿ ಮಲಗಿದ್ದಾಗ ಇವಳು ಎರಡು ಬುಟ್ಟಿ ಹೊತ್ತು, ಒಂದರ ದುಡ್ಡನ್ನು ತಂದು ಬೆನಿತಾಳ ದಿಂಬಿನ ಕೆಳಗಿಟ್ಟು ಹೋಗುತ್ತಿದ್ದಳು. ಇವಳ ಮಗ ಡೆರ್ಲಿಸ್‌ನನ್ನು ಜ್ಞಾನಸ್ನಾನದಲ್ಲಿ ಎತ್ತಿ ಹಿಡಿದವಳು ಬೆನಿತಾ. ಅಂದಿನಿಂದ ಅವನಿಗೆ ಅವಳು ಮಾದ್ರಿನಾ. ಹೆತ್ತವಳು ಮತ್ತು ಎತ್ತಿ ಹಿಡಿದವಳು ಪರಸ್ಪರ ಕೊಮಾದ್ರೆ. ನಮ್ಮಲ್ಲಿ ಒಡಹುಟ್ಟಿದವರ ಜಗಳ ಊರಿಗೆ ಮಾಮೂಲು, ಕೊಮಾದ್ರೆಗಳು ಮಾತು ಬಿಟ್ಟರೆ ಮಾತ್ರ ರಾಜಿ ಮಾಡಿಸಲು ಪಾದ್ರಿಯೇ ಮನೆಗೆ ಬರುತ್ತಾರೆ.

ಕಾಸಿಲ್ಡಾ ವಾರವಾರದ ಹಾಗೆ ಬಟ್ಟೆಯಲ್ಲಿ ಕಟ್ಟಿ ತಂದ ಬಿಸಿ ಚಿಪಾವನ್ನು ಮೇಜಿನ ಮೇಲಿಟ್ಟು, ಬೆನಿತಾ ಕೊಟ್ಟ ತೆರೆರೆ ಹೀರಿ, ಲೋಟ ವಾಪಸು ಕೊಟ್ಟಳು.

"ಡೆರ್ಲಿಸ್ ನೀರಗಂಟಿ ಕೆಲಸಕ್ಕೆ ಹೆಸರು ಕೊಟ್ಟಿದಾನೆ."

"ಕೊಡ್ಲಿ. ಎಲ್ರಿಗೂ ಕೇಳೋದನ್ನೇ ಅವನಿಗೂ ಕೇಳ್ತೀನಿ."

"ಕೇಳು, ಬೇಡ ಅಂದೋರ್ಯಾರು. ಏನ್ ಕೇಳ್ತೀಯ ಅಂತ ನಂಗೊಂಚೂರು ಮೊದ್ಲೇ ಹೇಳು, ಅಷ್ಟೇ."

"ಅದು ಆಗಲ್ಲ ಕೊಮಾದ್ರೆ. ಸಭೇಲಿ ಮಾತು ಕೊಟ್ಟಿದೀನಿ."

ಕಾಸಿಲ್ಡಾ ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಬೆನಿತಾಳೂ ಜೋರು ಮಾಡಿ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಮೆಲ್ಲಗೆ, "ನನ್ನ ಮಗ ತಿಂಗಳ ಸಂಬಳ ತರೋದನ್ನ ನೋಡ್ಬೇಕು ಅಂತ ಒಂದೇ ಆಸೆ ನಂಗಿರೋದು. ಅದನ್ನ ನೀನೇ ತಪ್ಪಿಸಿದ್ರೆ, ಇನ್ನು ನನ್ನ ಕೊಮಾದ್ರೆ ಅಂತ ಕರೀಬೇಡ" ಎಂದು ಎದ್ದು ಹೋದಳು. ಬೆನಿತಾ ಅವತ್ತು ಕೋಳಿಗಳಿಗೆ ಕಾಳು ಹಾಕುವುದನ್ನೂ ಮರೆತಳು. ಹುಡುಗ ಒಳ್ಳೆಯವನು, ಕೆಲಸ ಅವನಿಗೇ ಸಿಕ್ಕರೆ ಎಷ್ಟು ಚೆನ್ನ ಅಂತ ಅವಳ ಕರುಳೂ ಅಂದಿತು. ಕೊಟ್ಟರೆ ಊರು ಉಗಿಯುತ್ತದೆ, ಕೊಡದಿದ್ದರೆ ಕಾಸಿಲ್ಡಾ ಹೋಗುತ್ತಾಳೆ. ಊರು ಉಗಿದರೆ ಒರೆಸಿಕೊಳ್ಳಬಹುದು, ಕಾಸಿಲ್ಡಾ ಹೋದರೆ ಅವಳ ಜಾಗಕ್ಕೆ ಯಾರನ್ನು ತರುವುದು?

ಶನಿವಾರ ಸಂಜೆ ಶಾಲೆಯ ಕೋಣೆಯಲ್ಲಿ ಸಂದರ್ಶನ. ಮೇಜಿನ ಹಿಂದೆ ಬೆನಿತಾ, ಪಕ್ಕದಲ್ಲಿ ಖಜಾಂಚಿ ಡೊನ್ ಫುಲ್ಹೆನ್ಸಿಯೊ, ಊರಿನ ಕಿರಾಣಿ ಅಂಗಡಿಯವರು. ಗ್ಲಾದಿಸ್ ಹೇಳಿದಂತೆ ಬೆನಿತಾ ಬಾಗಿಲು ಹಾಕಿಸಿದಳು. ಅದೇ ತಪ್ಪಾಯಿತು. ನಮ್ಮೂರಲ್ಲಿ ಬಾಗಿಲು ಮುಚ್ಚಿತು ಅಂದರೆ ಒಳಗೆ ಏನೋ ನುಂಗುತ್ತಿದ್ದಾರೆ ಅಂತಲೇ ಅರ್ಥ. ಸುಮ್ಮನೆ ತಮ್ಮ ಪಾಡಿಗೆ ಇದ್ದವರೂ ಎದ್ದು ಬಂದರು. ಆ ಸೆಕೆಯಲ್ಲಿ ಕಿಟಕಿ ಮುಚ್ಚುವಂತೆಯೂ ಇರಲಿಲ್ಲ. ಐದು ನಿಮಿಷದಲ್ಲಿ ಕಿಟಕಿಗಳ ತುಂಬ ಮುಖಗಳು, ತೆರೆರೆ ಲೋಟ ಒಂದು ಕಿಟಕಿಯಿಂದ ಇನ್ನೊಂದಕ್ಕೆ ದಾಟತೊಡಗಿತು. ಮಧ್ಯದ ಕಿಟಕಿಯ ಸರಳು ಹಿಡಿದು ಕಾಸಿಲ್ಡಾ ನಿಂತಿದ್ದಳು.

"ಗಾಳಿಗಾದ್ರೂ ಜಾಗ ಬಿಡ್ರಪ್ಪಾ," ಎಂದರು ಡೊನ್ ಫುಲ್ಹೆನ್ಸಿಯೊ.

"ನಾವೇನು ಮಾತಾಡ್ತೀವಾ? ನೀವ್ ನಡ್ಸಿ," ಎಂದಿತು ಒಂದು ಕಿಟಕಿ.

ಟೋಪಿಯಲ್ಲಿ ಚೀಟಿ ಹಾಕಿ ಎತ್ತಿದರು. ಮೊದಲು ಬಂದದ್ದೇ ಡೆರ್ಲಿಸ್. ಇಪ್ಪತ್ತನಾಲ್ಕರ ಹುಡುಗ, ಇಸ್ತ್ರಿ ಮಾಡಿದ ಬಿಳಿ ಅಂಗಿ, ನೀರು ಹಚ್ಚಿ ಬಾಚಿದ ಕೂದಲು. ಒಳಗೆ ಬಂದು, ಮೇಜಿನ ಮುಂದೆ ನಿಂತು, ಮಾದ್ರಿನಾಳ ಮುಖ ನೋಡಿದ. ಚಿಕ್ಕಂದಿನಿಂದ ಮಾಡಿದ್ದನ್ನು ಕೈಗಳು ತಾವಾಗಿಯೇ ಮಾಡಿದವು. ಎರಡೂ ಅಂಗೈ ಜೋಡಿಸಿ ಎದೆಯ ಹತ್ತಿರ ಹಿಡಿದು, "ಆಶೀರ್ವಾದ ಮಾಡಿ, ಮಾದ್ರಿನಾ" ಎಂದ.

ಬೆನಿತಾಳಿಗೆ ಬೆವರು ಕಿತ್ತುಕೊಂಡಿತು. ಕೈ ಜೋಡಿಸಿ ಕೇಳಿದ ಮಗುವಿಗೆ ಆಶೀರ್ವಾದ ಇಲ್ಲ ಅನ್ನುವ ಮಾದ್ರಿನಾ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅವಳು ಗಾಳಿಯಲ್ಲಿ ಶಿಲುಬೆ ಗುರುತು ಮಾಡಿ, "ದೇವರು ನಿನ್ನನ್ನ ಒಳ್ಳೆಯವನಾಗಿ ಇಡ್ಲಿ ಮಗನೇ" ಎಂದಳು.

"ಮುಗೀತಲ್ಲ," ಎಂದ ಕಿಟಕಿಯಲ್ಲೊಬ್ಬ. "ಆಶೀರ್ವಾದನೂ ಆಯ್ತು, ಕೆಲಸನೂ ಆಯ್ತು. ಉಳಿದೋರು ಮನೆಗೆ ಹೋಗಿ."

ಕಾಸಿಲ್ಡಾಳ ಮುಖ ಅರಳಿತು. ಬೆನಿತಾ ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡು ಮೊದಲ ಪ್ರಶ್ನೆ ಕೇಳಿದಳು.

"ಬೆಳಿಗ್ಗೆ ನಲ್ಲೀಲಿ ನೀರು ನಾತ ಹೊಡೀತಾ ಇದೆ. ಟ್ಯಾಂಕಲ್ಲಿ ಪಾರಿವಾಳ ಬಿದ್ದು ಸತ್ತಿದೆ ಅಂತ ಯಾರೋ ಬಂದು ಹೇಳ್ತಾರೆ. ನೀನು ಏನ್ ಮಾಡ್ತೀಯ?"

ಡೆರ್ಲಿಸ್ ಕಿಟಕಿಯತ್ತ ನೋಡಿದ. ಅಮ್ಮ ತುಟಿ ಆಡಿಸುತ್ತಿದ್ದಳು, ಮೇಲೆ ಹತ್ತುತೀನಿ ಅನ್ನು ಅಂತ. ಅವನು ಬಾಯಿ ತೆರೆದ, ಮುಚ್ಚಿದ, ಇನ್ನೂ ಜೋಡಿಸಿಯೇ ಇದ್ದ ಅಂಗೈ ನೋಡಿಕೊಂಡ. ಆಶೀರ್ವಾದ ಕೇಳಿದ ಕೈ ಬಿಚ್ಚುವ ಮೊದಲು ಆಶೀರ್ವಾದ ಕೊಟ್ಟವರಿಗೆ ಸುಳ್ಳು ಹೇಳಿದರೆ ಅದು ತಿರುಗಿ ಬಡಿಯುತ್ತದೆ ಅಂತ ಊರಿನ ಅಜ್ಜಿಯರು ನಮ್ಮನ್ನೆಲ್ಲ ಹೆದರಿಸಿಯೇ ಬೆಳೆಸಿದ್ದು. ಬೆನಿತಾಳ ನಾಲಿಗೆಯ ತುದಿಯಲ್ಲಿ 'ಹೇಳು ಕಂದಾ, ಹತ್ತಿ ತೆಗೀತೀಯ ತಾನೇ' ಅನ್ನುವುದು ಬಂದು ಕೂತಿತ್ತು. ಅವಳು ಅದನ್ನು ನುಂಗಿದಳು.

"ಮಾದ್ರಿನಾ," ಎಂದ ಅವನು ಕೊನೆಗೆ. "ನಾನು ಟ್ಯಾಂಕ್ ಹತ್ತಲ್ಲ. ನಂಗೆ ಎತ್ತರ ಅಂದ್ರೆ ಭಯ. ಮೂರನೇ ಮೆಟ್ಟಿಲಿಗೇ ಕಾಲು ನಡುಗುತ್ತೆ."

ಕಿಟಕಿಗಳು ನಕ್ಕವು. ಕಾಸಿಲ್ಡಾ ಮಾತ್ರ ನಗಲಿಲ್ಲ, ಸರಳಿನಿಂದ ಕೈ ತೆಗೆದಳು. ಆದರೂ ಬೆನಿತಾ ಎಲ್ಲರಿಗೂ ಕೇಳುವುದನ್ನು ಇವನಿಗೂ ಕೇಳಲೇಬೇಕಿತ್ತು.

"ನೀನು ಮಾಡಿದ ಒಂದು ತಪ್ಪು ಹೇಳು. ಸರಿ ಮಾಡಿದ್ದು ಹೇಗೆ, ಅದನ್ನೂ ಹೇಳು."

"ಈ ಕೆಲಸಕ್ಕೆ ಹೆಸರು ಕೊಟ್ಟಿದ್ದು. ಸರಿ ಮಾಡಿದ್ದು ಈಗಲೇ."

ಎರಡನೆಯವರು ಡೊನ್ ಲಿಬ್ರಾದೊ. ಬೇರೆ ಊರಿನ ಅಕ್ಕಿ ಗಿರಣಿಯಲ್ಲಿ ವರ್ಷಗಟ್ಟಲೆ ಮೋಟಾರು ನೋಡಿಕೊಂಡವರು, ಬೆನಿತಾಳಿಗಿಂತ ಹಿರಿಯರು. ಕಿಟಕಿಯಿಂದ ಎಲ್ಲವನ್ನೂ ಗಮನಿಸಿದ್ದರು. ಸಂದರ್ಶನ ಅಂದರೆ ಮೊದಲು ಹೀಗೇ ಮಾಡಬೇಕು ಅಂತ ತಿಳಿದು, ಒಳಗೆ ಬಂದವರೇ ಟೋಪಿ ಕಂಕುಳಲ್ಲಿಟ್ಟು ಎರಡೂ ಕೈ ಜೋಡಿಸಿದರು. "ಆಶೀರ್ವಾದ ಮಾಡಿ, ನ್ಯಾ ಬೆನಿತಾ."

ಹೊರಗೆ ನಗೆಯ ಬುಗ್ಗೆ ಎದ್ದಿತು. ಬೆನಿತಾ ಏನು ಮಾಡಿಯಾಳು? ನೆರೆತ ಮೀಸೆಯವರಿಗೂ ಶಿಲುಬೆ ಗುರುತು ಮಾಡಿ ಹರಸಿದಳು. ಪಾರಿವಾಳದ ಪ್ರಶ್ನೆಗೆ ಅವರು ಮೋಟಾರು ನಿಲ್ಲಿಸುವುದು, ವಾಲ್ವು ಮುಚ್ಚುವುದು, ಟ್ಯಾಂಕು ಖಾಲಿ ಮಾಡಿ ತೊಳೆಯುವುದು ಎಲ್ಲ ಅಚ್ಚುಕಟ್ಟಾಗಿ ಹೇಳಿದರು. ಡೊನ್ ಫುಲ್ಹೆನ್ಸಿಯೊ ಮೆಚ್ಚಿ ತಲೆದೂಗಿದರು. ಆಮೇಲೆ ತಪ್ಪಿನ ಪ್ರಶ್ನೆ ಬಂತು. ಬೆನಿತಾ ಕೇಳಿ ಸುಮ್ಮನಾದಳು. ಡೊನ್ ಲಿಬ್ರಾದೊ ತಮ್ಮ ಅಂಗೈ ನೋಡಿಕೊಂಡರು.

"ಗಿರಣೀಲಿ... ಆರೋಗ್ಯ ಸರಿ ಇರ್ಲಿಲ್ಲ ಅಂತ ಬಿಟ್ಟೆ ಅಂದಿದ್ದೆ ಎಲ್ರಿಗೂ," ಎಂದರು. "ನಿಜ ಏನು ಅಂದ್ರೆ, ಕುಡ್ದು ಮಲಗಿದ್ದೆ. ಬೆಲ್ಟು ಹರಿದು ಹೋಯ್ತು. ಈಗ ಕಡಿಮೆ ಮಾಡಿದೀನಿ. ಶನಿವಾರ ಮಾತ್ರ."

"ಇವತ್ತು ಶನಿವಾರ ಅಲ್ವಾ?" ಎಂದರು ಡೊನ್ ಫುಲ್ಹೆನ್ಸಿಯೊ.

"ಅದಕ್ಕೇ ಬೇಗ ಮುಗಿಸಿದ್ರೆ ಒಳ್ಳೇದಿತ್ತು."

ಕೊನೆಗೆ ಬಂದವಳು ಸುನಿಲ್ಡಾ, ಮೋಟರ್‌ಸೈಕಲ್ ರಿಪೇರಿ ಮಾಡುವ ಅಣ್ಣನ ಜೊತೆ ಕೆಲಸ ಮಾಡುವ ಹೆಂಗಸು. ಅವಳೂ ಕೈ ಜೋಡಿಸಿದಳು. ಬೆನಿತಾ ಈಗ ಮರುಮಾತಿಲ್ಲದೆ ಹರಸಿ ಪಾರಿವಾಳ ಬೀಳಿಸಿದಳು.

"ಮೊದ್ಲು ಚರ್ಚಿನ ಮೈಕಲ್ಲಿ ಕೂಗಿಸ್ತೀನಿ, ಯಾರೂ ಆ ನೀರು ಕುಡೀಬೇಡಿ ಅಂತ," ಎಂದಳು ಸುನಿಲ್ಡಾ. "ಆಮೇಲೆ ತಾನೇ ಹತ್ತೋದು? ನಾನು ಮೇಲೆ ಹೋಗಿ ಬರೋಷ್ಟ್ರಲ್ಲಿ ಮಕ್ಕಳು ಕುಡ್ದುಬಿಟ್ಟಿದ್ರೆ?"

ಇದು ತನಗೂ ಹೊಳೆದಿರಲಿಲ್ಲವಲ್ಲ ಎಂದುಕೊಂಡಳು ಬೆನಿತಾ. "ಒಂದು ತಪ್ಪು ಹೇಳು," ಎಂದಳು.

ಸುನಿಲ್ಡಾ ಜೋಡಿಸಿದ ಕೈ ಬಿಚ್ಚಲಿಲ್ಲ. "ಹೋದ ಬೇಸಿಗೇಲಿ ದೊಡ್ಡ ಪೈಪಿಗೆ ಕಳ್ಳ ಕನೆಕ್ಷನ್ ಹಾಕಿದ್ದೆ. ಟೊಮೇಟೊ ಗಿಡಕ್ಕೆ. ಈ ಜನವರೀಲಿ ಹಳ್ಳಕ್ಕೆ ಬಕೆಟ್ ಹೊರೋ ಹೆಂಗಸರನ್ನ ನೋಡಿ ನಾಚಿಕೆ ಆಯ್ತು, ನಾನೇ ಅಗೆದು ಮುಚ್ಚಿದೆ. ಈಗ ಒಂದ್ ತೊಟ್ಟೂ ಸೋರಲ್ಲ." ಉಸಿರೆಳೆದುಕೊಂಡು ಮುಂದುವರಿಸಿದಳು. "ಅಗೆಯೋವಾಗ ನೋಡ್ದೆ, ಆ ಪೈಪಿಗೆ ನಂದೊಂದೇ ಅಲ್ಲ ಕನೆಕ್ಷನ್ನು. ಯಾರ್ಯಾರದು ಅಂತಾನೂ ಗೊತ್ತು. ಹೇಳ್ಲಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಕೇಳಿದ್ದೆವು, ಅವತ್ತು ಕಣ್ಣಾರೆ ಕಂಡೆವು. ಎಡಗಡೆಯ ಕಿಟಕಿಯವನಿಗೆ ಹಸು ಕಟ್ಟುವುದು ನೆನಪಾಯಿತು. ಪಕ್ಕದವಳಿಗೆ ಒಲೆಯ ಮೇಲಿನ ಪಾತ್ರೆ ನೆನಪಾಯಿತು. ಒಂದು ಗಳಿಗೆಯಲ್ಲಿ ಕಿಟಕಿಗಳೆಲ್ಲ ಖಾಲಿಯಾಗಿ ಕೋಣೆಗೆ ತಣ್ಣನೆ ಗಾಳಿ ಬಂತು. ಬೆನಿತಾ ಸುನಿಲ್ಡಾಳನ್ನು ಹೊರಗೆ ಕಳಿಸಿ ಖಜಾಂಚಿಯ ಕಡೆ ತಿರುಗಿದಳು.

"ಕಳ್ಳಿ ಕೈಗೆ ಬೀಗದ ಕೈ ಕೊಡೋದಾ?" ಎಂದರು ಡೊನ್ ಫುಲ್ಹೆನ್ಸಿಯೊ.

"ನಿಮ್ಮ ಅಂಗಡಿ ಹಿತ್ತಲಿನ ಕಲ್ಲಂಗಡಿಗೆ ನೀರು ಎಲ್ಲಿಂದ ಬರುತ್ತೆ?" ಎಂದು ಕೇಳಿ ಬೆನಿತಾ ಬಾಯಿ ಮುಚ್ಚಿಕೊಂಡು ಕೂತಳು.

ಡೊನ್ ಫುಲ್ಹೆನ್ಸಿಯೊ ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. "ನಾನೂ ಸುನಿಲ್ಡಾಗೇ ಅಂತೀನಿ," ಎಂದರು.

ಬಾಗಿಲಲ್ಲಿ ನಿಂತು ಹೆಸರು ಹೇಳಿಯಾಯಿತು. ಸುನಿಲ್ಡಾಳ ಅಣ್ಣ ಪಟಾಕಿ ಹೊಡೆದ. ಡೊನ್ ಲಿಬ್ರಾದೊ ಅವಳಿಗೆ ಶುಭ ಹೇಳಿ, ಅದು ಶನಿವಾರವಾದ್ದರಿಂದ ಬೇಗ ಹೊರಟರು. ಬೆನಿತಾ ಮಾತ್ರ ಒಳಗೆ ಹೋಗಿ ಅದೇ ಮೇಜಿನ ಹಿಂದೆ ಕೂತಳು. ಕೊಟ್ಟ ಮಾತು ಉಳಿದಿತ್ತು, ನೀರೂ ಉಳಿಯುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಕಾಸಿಲ್ಡಾಳ ಮನೆ ದಾಟಬೇಕು, ದಾಟಿದಾಗ ಅವಳು ಬಾಗಿಲು ಹಾಕಿಕೊಂಡರೆ ಹೇಗೆ ಅಂತ ನೆನೆದು ಅವಳಿಗೆ ಅಳುವೇ ಬಂತು.

ಆಗ ಕಾಸಿಲ್ಡಾ ತಾನೇ ಒಳಗೆ ಬಂದಳು. ಬಂದವಳು ಎದುರಿನ ಕುರ್ಚಿಯಲ್ಲಿ ಕೂತಳು.

"ನನ್ನನ್ನೂ ಕೇಳು," ಎಂದಳು.

"ಏನ್ ಕೇಳ್ಲಿ?"

"ನನ್ನ ಮಗನಿಗೆ ಎತ್ತರ ಅಂದ್ರೆ ಭಯ ಅಂತ ನಂಗ್ಯಾಕೆ ಗೊತ್ತಿರ್ಲಿಲ್ಲ ಅಂತ ಕೇಳು." ಎಂದಳು ಕಾಸಿಲ್ಡಾ. "ಹೋಗ್ತೀಯಲ್ಲ ಅಂದೆ, ಹೂಂ ಅಂದ. ಇಷ್ಟ ತಾನೇ ಅಂದೆ, ಹೂಂ ಅಂದ. ಇಪ್ಪತ್ತನಾಲ್ಕು ವರ್ಷ ಹೂಂ ಅನ್ನಿಸ್ಕೊಂಡೇ ಬೆಳೆಸಿದೀನಿ. ನೀನು ಒಂದೇ ಮಾತು ಕೇಳ್ದೆ, ಅವನು ನಿಂಗೆ ಹೇಳ್ದ."

ಡೆರ್ಲಿಸ್ ಬಾಗಿಲಲ್ಲೇ ನಿಂತಿದ್ದ. ಅಮ್ಮ ಕೈ ಬೀಸಿ ಕರೆದಳು. ಹತ್ತಿರ ಬಂದ ಮಗ ಅಭ್ಯಾಸಬಲದಿಂದ ಮತ್ತೆ ಕೈ ಜೋಡಿಸಿದ. ಈ ಸಲ ಹರಸಿದವಳು ಕಾಸಿಲ್ಡಾ.

"ನಿಂಗೆ ಏನು ಮಾಡೋಕೆ ಇಷ್ಟ?" ಎಂದಳು.

"ಚಿಪಾ."

"ಬಸ್ ಹತ್ತಿ ಮಾರೋದಾ? ನಾನು ಮಾರಿದ್ದು ಸಾಲ್ದಾ?"

"ಮಾರೋದಲ್ಲಮ್ಮ, ಮಾಡೋದು." ಎಂದ ಅವನು. "ಇತ್ತೀಚೆಗೆ ನಿನ್ನ ಕೈಯಲ್ಲಿ ಉಪ್ಪು ಜಾಸ್ತಿ ಬೀಳ್ತಿದೆ. ಬಸ್ಸಿನವರು ಒಂದ್ ತುಂಡು ಮುರ್ದು ಬಾಯಿಗಿಟ್ಟು ಉಳಿದಿದ್ದನ್ನ ಕಿಟಕಿಯಿಂದ ಎಸೀತಾರೆ. ನಿಂಗೆ ಹೇಳೋಕೆ ಯಾರಿಗೂ ಧೈರ್ಯ ಇಲ್ಲ."

ಕಾಸಿಲ್ಡಾ ಕೆಂಪಾದಳು. ನಿಧಾನವಾಗಿ ಬೆನಿತಾಳ ಕಡೆ ತಿರುಗಿದಳು. "ಹೌದಾ?"

ಬೆನಿತಾ ಯಾರ ಮುಂದೆಯೂ ಕೈ ಜೋಡಿಸಿರಲಿಲ್ಲ, ಬೇಕಿದ್ದರೆ ಇಲ್ಲ ಅನ್ನಬಹುದಿತ್ತು. ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು.

"ಹೌದು," ಎಂದಳು. "ಎರಡು ವರ್ಷ ಆಯ್ತು."

"ಎರಡು ವರ್ಷ. ವಾರ ವಾರ ತಂದ್ಕೊಟ್ಟಿದೀನಿ. ಒಂದ್ ಚೂರೂ ಬಿಡ್ದೆ ತಿಂದ್ಯಲ್ಲ, ಬಾಯಿ ಮುಚ್ಕೊಂಡು."

"ನೀನು ತಂದಿದ್ದು ಅಂತ ತಿಂದೆ."

ಕಾಸಿಲ್ಡಾ ಬೆನಿತಾಳನ್ನು ನೋಡುತ್ತ ಕೂತಳು. ಊರಿಗೆಲ್ಲ ಕೇಳುವಂತೆ ಬಾಯಿ ಮಾಡುವ ಹೆಂಗಸು, ಸಭೆಯಲ್ಲಿ ಅಧ್ಯಕ್ಷನನ್ನೇ ನಿಲ್ಲಿಸಿ ಬೈದವಳು, ಎರಡು ವರ್ಷ ಉಪ್ಪುಚಿಪಾ ತಿಂದು ನೀರು ಕುಡಿದಿದ್ದಳು. ಕಾಸಿಲ್ಡಾ ಮೇಜಿನ ಮೇಲೆ ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಎದ್ದೇಳು ಕೊಮಾದ್ರೆ," ಎಂದಳು. "ಮನೆಗೆ ನಡಿ. ಇವನು ಹಿಟ್ಟು ಕಲಸ್ತಾನೆ, ನೀನು ರುಚಿ ನೋಡು. ನಂಗೆ ಬೇಜಾರಾದ್ರೂ ಪರವಾಗಿಲ್ಲ, ನಿಜ ಹೇಳು."